ಅಯಾನುಗಳ ಗತಿಭೇದವೂ ದ್ರವ್ಯವಿವೇಚನೆಯೂ

ಬೆರೆತ ದ್ರವ್ಯಗಳನ್ನು ಬೇರ್ಪಡಿಸಿ ಗುರುತಿಸುವ ಉಪಾಯಗಳು ಲೋಕದಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿವೆ. ಕೇರುವುದು, ಜರಡಿ ಹಿಡಿಯುವುದು, ಸೋಸುವುದು, ಬಟ್ಟಿಯಿಳಿಸುವುದು ಇವೆಲ್ಲವೂ ಆ ಜಾತಿಗೆ ಸೇರಿದವು. ಇವುಗಳಲ್ಲಿ ಒಂದು ತೂಕವನ್ನು ಆಶ್ರಯಿಸಿದ್ದರೆ ಮತ್ತೊಂದು ಗಾತ್ರವನ್ನೂ, ಇನ್ನೊಂದು ಆವಿಯಾಗುವ ಸ್ವಭಾವವನ್ನೂ ಆಶ್ರಯಿಸಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಿಂದ ಈಚೆಗೆ ಇವುಗಳ ಸಾಲಿಗೆ ಹೊಸದೊಂದು ಉಪಾಯವು ಸೇರಿತು. ವಿದ್ಯುತ್ತಿನ ಪ್ರೇರಣೆಗೆ ಒಳಗಾದಾಗ ಯಾವ ಕಣವು ಯಾವ ದಿಕ್ಕಿಗೆ, ಎಷ್ಟು ವೇಗದಿಂದ ಸಾಗುತ್ತದೆ ಎಂಬುದನ್ನು ನೋಡಿ ಅದು ಇಂಥದೆಂದು ನಿರ್ಣಯಿಸುವುದೇ ಆ ಉಪಾಯ. ಅಂದರೆ ಇಲ್ಲಿ ದ್ರವ್ಯದ ಗತಿಯೇ ಅದರ ಲಕ್ಷಣ.

ಈ ವಿಧಾನದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ೧೯೩೭ರಲ್ಲಿ ಸ್ವೀಡನ್ ದೇಶದ ಟಿಸೇಲಿಯಸನು ರಚಿಸಿದ ಯಂತ್ರದಿಂದ ತೊಡಗುತ್ತಾರೆ. ಅದು ಅನುಚಿತವೇನೂ ಅಲ್ಲ. ಆದರೆ ಅವನಿಗಿಂತ ನೂರಮೂವತ್ತು ವರ್ಷಗಳ ಹಿಂದೆಯೇ ಈ ಸಂಗತಿಯು ಕಣ್ಣಿಗೆ ಬಿದ್ದಿತ್ತು. ನೂರಮೂರು ವರ್ಷಗಳ ಹಿಂದೆ ಚಲಿಸುವ ವಸ್ತುವಿಗೆ ಹೆಸರೂ ದೊರೆತಿತ್ತು. ಕಂಡದ್ದು ಕೈಗೂಡುವುದಕ್ಕೆ ಇಷ್ಟು ದೀರ್ಘಕಾಲ ಹಿಡಿದುದೇಕೆ, ಗತಿಯೊಂದನ್ನೇ ಲಕ್ಷಣವಾಗಿ ಹಿಡಿದರೆ ಒದಗುವ ದೋಷಗಳಾವುವು, ಅವು ಪರಿಹಾರವಾದುದು ಹೇಗೆ ಎಂಬುದನ್ನು ಕ್ರಮವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ಹೆಸರಿನ ವಿಚಾರವು ಶಬ್ದಶಾಸ್ತ್ರಕ್ಕೂ ಕನ್ನಡದ ಪರಿಭಾಷೆಗೂ ಸಂಬಂಧಿಸಿದುದಾದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳಿದೆ.

೧. ಪ್ರಥಮ ದರ್ಶನ

ಇಟಲಿಯ ವೋಲ್ಟನು ತನ್ನ ವಿದ್ಯುತ್ಸ್ತಂಭದ ಸಂಗತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದು ೧೮೦೦ರಲ್ಲಿ. ಅದೇ ವರ್ಷವೇ ನಿಕಲ್ಸನ್, ಕಾರ್ಲೈಲ್ ಎಂಬಿಬ್ಬರು ಆ ಸ್ತಂಭದ ತಂತಿಗಳನ್ನು ನೀರಿನಲ್ಲಿ ಅದ್ದಿ, ಒಂದು ತುದಿಯಲ್ಲಿ ಜಲಜನಕವೂ ಮತ್ತೊಂದು ತುದಿಯಲ್ಲಿ ಆಮ್ಲಜನಕವೂ ಹೊರಡುವುದನ್ನು ಕಂಡರು. ನೀರು ಒಂದೇ, ಪಾತ್ರೆಯೂ ಒಂದೇ. ಆದರೆ ಹೊರಡುವ ವಾಯುಗಳು ಎರಡು, ಅವು ಹೊರಡುವ ಸ್ಥಳಗಳೂ ಬೇರೆಬೇರೆ. ಎರಡು ತುದಿಗಳ ನಡುವೆ ನೀರಿನೊಳಗೆ ಏನೋ ಒಂದು ಸಾಗುತ್ತಿರಬೇಕೆಂದು ಊಹಿಸುವುದಕ್ಕೆ ಅಷ್ಟೇ ಸಾಕಾಗಿತ್ತು. ಆದರೆ ಆ ಸಾಗಾಟವು ಕಣ್ಣಿಗೆ ಕಾಣುತ್ತಿರಲಿಲ್ಲ.

ಕಣ್ಣಿಗೆ ಕಾಣುವಂತೆ ಅದನ್ನು ಮೊದಲು ತೋರಿಸಿದವನು ಮಾಸ್ಕೋ ವಿಶ್ವವಿದ್ಯಾನಿಲಯದ ಅಧ್ಯಾಪಕನಾಗಿದ್ದ ಫರ್ಡಿನೆಂಡ್ ರಾಯ್ಸ್. ೧೮೦೭ರಲ್ಲಿ ಅವನು ಒದ್ದೆಯಾದ ಜೇಡಿಮಣ್ಣಿನಲ್ಲಿ ಎರಡು ಗಾಜಿನ ನಳಿಗೆಗಳನ್ನು ನೆಟ್ಟು, ಅವುಗಳ ತಳದಲ್ಲಿ ಮರಳನ್ನು ಹಾಸಿ, ನೀರನ್ನು ತುಂಬಿ, ಸ್ತಂಭದ ಎರಡು ತಂತಿಗಳನ್ನು ಎರಡು ನಳಿಗೆಗಳಲ್ಲಿ ಇಳಿಯಬಿಟ್ಟನು. ಧನಧ್ರುವವಿದ್ದ ನಳಿಗೆಯಲ್ಲಿ ಜೇಡಿಯ ಸೂಕ್ಷ್ಮಕಣಗಳು ಮರಳನ್ನು ತೂರಿಕೊಂಡು ಮೇಲಕ್ಕೇರಿ ನೀರನ್ನು ಬಗ್ಗಡಮಾಡಿದುವು. ಮತ್ತೊಂದು ಪ್ರಯೋಗದಲ್ಲಿ, ಬೆಣಚುಕಲ್ಲಿನ ಪುಡಿಯನ್ನು ನಡುವೆ ತುಂಬಿದ ಬಾಗುನಳಿಗೆಯಲ್ಲಿ, ನೀರೇ ಋಣಧ್ರುವದ ಕಡೆಗೆ ಸರಿದು ಆ ಪಕ್ಕದಲ್ಲಿ ಮಟ್ಟವೇರಿತು. ಹೀಗೆ ಕಣಗಳ ಚಲನೆ, ದ್ರವದ ಚಲನೆ ಎಂಬ ಎರಡು ಸಂಗತಿಗಳೂ ಒಬ್ಬನ ಕೈಯಲ್ಲಿಯೇ ಬೆಳಕಿಗೆ ಬಂದುವು. ೧೮೦೯ರಲ್ಲಿ ಮಾಸ್ಕೋ ನಗರದ ಪ್ರಕೃತಿಶಾಸ್ತ್ರಜ್ಞರ ಸಂಘದ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

೨. ನಾಮಕರಣ

ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ೧೮೩೦ರ ದಶಕದಲ್ಲಿ ವಿದ್ಯುತ್ತಿನಿಂದಾಗುವ ವಿಘಟನೆಯನ್ನು ಅಳೆದು ನೋಡಿ ನಿಯಮಗಳನ್ನು ಸ್ಥಾಪಿಸಿದನು. ಆಗ ಅವನಿಗೆ ಒದಗಿದ ತೊಡಕು ಪ್ರಯೋಗದ್ದಲ್ಲ, ಮಾತಿನದು. ಅದುವರೆಗೆ ಎಲ್ಲರೂ ‘ಧ್ರುವ’ ಎನ್ನುತ್ತಿದ್ದರು. ಧ್ರುವವೆಂದರೆ ಅಯಸ್ಕಾಂತದಂತೆ ದೂರದಿಂದ ಸೆಳೆಯುವ ಸ್ಥಾನವೆಂಬ ಭಾವನೆಯು ಆ ಮಾತಿನೊಳಗೇ ಅಡಗಿತ್ತು; ಫ್ಯಾರಡೆಗೆ ಅದು ಸಮ್ಮತವಾಗಿರಲಿಲ್ಲ. ಸಿದ್ಧಾಂತದ ಸೋಂಕಿಲ್ಲದ ಪದಗಳು ಅವನಿಗೆ ಬೇಕಾಗಿದ್ದುವು. ಅವನಿಗೆ ಗ್ರೀಕ್ ಭಾಷೆಯ ಪಾಂಡಿತ್ಯವಿರಲಿಲ್ಲವಾದ್ದರಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಪಂಡಿತನಾದ ವಿಲಿಯಂ ಹ್ಯೂಯೆಲನಿಗೆ ೧೮೩೪ರಲ್ಲಿ ಕಾಗದ ಬರೆದು ಕೇಳಿದನು. ‘ಒಳಹೋಗುವ ದಾರಿ’, ‘ಹೊರಬರುವ ದಾರಿ’ ಎಂಬರ್ಥದ ಪದಗಳು ಮೊದಲು ಆಲೋಚನೆಗೆ ಬಂದಿದ್ದುವು. ಹ್ಯೂಯೆಲನು ಅವುಗಳ ಬದಲಿಗೆ ‘ಆನೋಡ್’, ‘ಕ್ಯಾಥೋಡ್’ ಎಂಬುವನ್ನು ಸೂಚಿಸಿದನು.

ಈ ಪದಗಳ ಅರ್ಥವು ಗಮನಾರ್ಹವಾದುದು. ಗ್ರೀಕಿನಲ್ಲಿ ‘ಅನ’ ಎಂದರೆ ಮೇಲಕ್ಕೆ, ‘ಕತ’ ಎಂದರೆ ಕೆಳಕ್ಕೆ, ‘ಹೊದೊಸ್’ ಎಂದರೆ ದಾರಿ. ಮೇಲಣ ದಾರಿ ಯಾವುದು, ಕೆಳಗಣ ದಾರಿ ಯಾವುದು? ಭೂಮಿಯ ಅಯಸ್ಕಾಂತತ್ವವು ಅದನ್ನು ಸುತ್ತುವ ವಿದ್ಯುತ್ಪ್ರವಾಹದಿಂದ ಉಂಟಾದುದೆಂದು ಭಾವಿಸಿದರೆ, ಆ ಪ್ರವಾಹವು ಸೂರ್ಯನು ಸಾಗುವಂತೆ ಮೂಡಲಿಂದ ಪಡುವಲಿಗೆ ಹರಿಯಬೇಕಾಗುತ್ತದೆ. ವಿಘಟನೆಗೆ ಇಟ್ಟ ದ್ರವದಲ್ಲಿಯೂ ಪ್ರವಾಹವು ಅದೇ ದಿಕ್ಕಿಗೆ ಹರಿಯುವಂತೆ ಇಟ್ಟರೆ, ಪ್ರವಾಹವು ದ್ರವವನ್ನು ಹೊಗುವ ಕಡೆಯು ಸೂರ್ಯನು ಏರುವ ದಿಕ್ಕು, ದ್ರವದಿಂದ ಹೊರಡುವ ಕಡೆಯು ಸೂರ್ಯನು ಇಳಿಯುವ ದಿಕ್ಕು. ಹೀಗೆ ಆನೋಡ್ ಉದಯಪಥ, ಕ್ಯಾಥೋಡ್ ಅಸ್ತಪಥ. ಪ್ರವಾಹವೆಂಬುದು ವಾಸ್ತವವಾಗಿ ಯಾವ ದಿಕ್ಕಿಗೆ ಹರಿಯುತ್ತದೆ, ಹರಿಯುವುದು ಒಂದೋ ಎರಡೋ ಎಂಬ ಅಭಿಪ್ರಾಯವು ಮುಂದೆ ಬದಲಾದರೂ ಈ ಸಂಜ್ಞೆಗಳು ಕೆಡಲಾರವೆಂಬುದು ಫ್ಯಾರಡೆಯ ಸಮಾಧಾನ.

ಎರಡು ತುದಿಗಳ ಕಡೆಗೆ ಸಾಗುವ ವಸ್ತುಗಳಿಗೆ ಒಟ್ಟಾಗಿ ‘ಅಯಾನ್’ ಎಂದೂ, ಆನೋಡಿಗೆ ಹೋಗುವುದಕ್ಕೆ ‘ಆನಯಾನ್’ ಎಂದೂ, ಕ್ಯಾಥೋಡಿಗೆ ಹೋಗುವುದಕ್ಕೆ ‘ಕ್ಯಾಟಯಾನ್’ ಎಂದೂ ಹೆಸರಾಯಿತು. ಗ್ರೀಕಿನ ‘ಇಯೊನ್’ ಎಂಬುದು ಗಮನಾರ್ಥಕ ಧಾತುವಿನ ವರ್ತಮಾನ ಕೃದಂತದ ನಪುಂಸಕರೂಪ. ‘ಹೋಗುತ್ತಿರುವುದು’ ಎಂದು ಅದರ ಅರ್ಥ. ಸಂಸ್ಕೃತದ ಗತ್ಯರ್ಥಕವಾದ ಇಣ್ ಧಾತುವೂ ಇದೂ ಒಂದೇ ಮೂಲದವು. ಆ ಧಾತುವಿಗೆ ಶತೃ ಪ್ರತ್ಯಯವು ಸೇರಿದಾಗ ನಪುಂಸಕದಲ್ಲಿ ‘ಯತ್’ ಎಂದಾಗುತ್ತದೆ. ‘ಇಯೊನ್’ಗೆ ಸಾಕ್ಷಾತ್ ಸೋದರಪದ ಅದೇ. ‘ಉತ್’ ಎಂಬ ಉಪಸರ್ಗವು ಸೇರಿದರೆ ‘ಉದ್ಯತ್’, ಅಂದರೆ ಮೇಲೇಳುತ್ತಿರುವುದು; ಆನಯಾನ್ ಎಂಬುದರ ಅರ್ಥವೂ ಅಕ್ಷರಶಃ ಅಷ್ಟೇ. ‘ಉದಯ’, ‘ಅಯನ’ ಎಂಬ ನಮ್ಮ ಪರಿಚಿತ ಶಬ್ದಗಳೂ ಆ ಧಾತುವಿನಿಂದಲೇ ನಿಷ್ಪನ್ನವಾದುವು. ಆದುದರಿಂದ ಕನ್ನಡದಲ್ಲಿ ರೂಢವಾಗಿರುವ ‘ಅಯಾನು’ ಎಂಬ ಪದವು ಪರಕೀಯವೆಂದು ಶಂಕಿಸಬೇಕಾದುದಿಲ್ಲ. ದೂರದೇಶದಲ್ಲಿ ಬೆಳೆದು ಮನೆಗೆ ಬಂದ ಜ್ಞಾತಿಯೆಂದೇ ಅದನ್ನು ಎಣಿಸಬಹುದು.

ಒಂದು ಅಂಶವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಅಯಾನುಗಳು ಪ್ರವಾಹವು ಹರಿಯುವುದಕ್ಕೆ ಮುಂಚೆಯೇ ದ್ರಾವಣದಲ್ಲಿ ಬಿಡಿಬಿಡಿಯಾಗಿರುತ್ತವೆಂಬುದು ಫ್ಯಾರಡೆಗೆ ತಿಳಿದಿರಲಿಲ್ಲ. ಅದನ್ನು ಸ್ವೀಡನ್ನಿನ ಅರ್ರೇನಿಯಸನು ೧೮೮೪ರ ತನ್ನ ಪ್ರಬಂಧದಲ್ಲಿ ಸೂಚಿಸಿ ೧೮೮೭ರಲ್ಲಿ ವಿಶದಪಡಿಸಿದನು. ಆದರೂ ಫ್ಯಾರಡೆಯ ಹೆಸರು ಉಳಿಯಿತು. ಅದು ವಸ್ತುವಿನ ಸ್ವರೂಪವನ್ನು ಹೇಳದೆ ಅದರ ಕ್ರಿಯೆಯನ್ನು ಮಾತ್ರ ಹೇಳಿದುದೇ ಅದಕ್ಕೆ ಕಾರಣ.

೩. ಗತಿಯ ಅಳತೆ

ಹೋಗುತ್ತದೆಂದು ತಿಳಿದ ಮೇಲೆ ಎಷ್ಟು ಬೇಗ ಹೋಗುತ್ತದೆಂಬ ಪ್ರಶ್ನೆಯು ಹುಟ್ಟುವುದು ಸಹಜ. ಜರ್ಮನಿಯ ಹಿಟ್ಟೋರ್ಫನು ೧೮೫೩ರಿಂದ ೧೮೫೯ರವರೆಗಿನ ಪ್ರಯೋಗಗಳಲ್ಲಿ ಎರಡು ತುದಿಗಳ ಬಳಿ ಲವಣದ ಸಾಂದ್ರತೆಯು ಸಮವಾಗಿ ತಗ್ಗುವುದಿಲ್ಲವೆಂದು ಕಂಡು, ಜೊತೆಯ ಎರಡು ಅಯಾನುಗಳ ವೇಗವೂ ಸಮವಲ್ಲವೆಂದು ಸಾಧಿಸಿದನು. ೧೮೭೦ರ ದಶಕದಲ್ಲಿ ಕೋಲ್‌ರೌಷನು, ತೆಳುವಾದ ದ್ರಾವಣದಲ್ಲಿ ಪ್ರತಿಯೊಂದು ಅಯಾನಿಗೂ ತನ್ನದೇ ಆದ ವೇಗವುಂಟೆಂದೂ, ಜೊತೆಗಾರನು ಯಾರೇ ಆಗಿರಲಿ ಅದು ಬದಲಾಗುವುದಿಲ್ಲವೆಂದೂ ತೋರಿಸಿದನು. ಗತಿಯು ಲಕ್ಷಣವಾಗುವ ಯೋಗ್ಯತೆಯನ್ನು ಪಡೆದುದು ಇಲ್ಲಿಯೇ. ಸಹವಾಸದಿಂದ ಮಾರ್ಪಡುವ ಧರ್ಮವು ಲಕ್ಷಣವಾಗಲಾರದಷ್ಟೆ.

ಈ ವೇಗಗಳು ಬಹಳ ಅಲ್ಪ. ಒಂದು ಸೆಂಟಿಮೀಟರಿಗೆ ಒಂದು ವೋಲ್ಟಿನಷ್ಟು ಪ್ರೇರಣೆಯಿದ್ದರೆ, ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ ಪೊಟ್ಯಾಸಿಯಂ ಅಯಾನು ಗಂಟೆಗೆ ೩ ಸೆಂಟಿಮೀಟರಿಗಿಂತ ಸ್ವಲ್ಪ ಕಡಮೆ ದೂರವನ್ನು ಕ್ರಮಿಸುತ್ತದೆ. ಎಲ್ಲಕ್ಕಿಂತ ಚುರುಕಾದ ಜಲಜನಕದ ಅಯಾನು ಸುಮಾರು ೧೩ ಸೆಂಟಿಮೀಟರು ಹೋಗುತ್ತದೆ. ೧೮೮೬ರಲ್ಲಿ ಆಲಿವರ್ ಲಾಡ್ಜನು ಈ ಜಲಜನಕದ ನಡೆಯನ್ನು ಕಣ್ಣಾರೆ ಕಾಣುವ ಉಪಾಯವನ್ನು ಕಂಡುಹಿಡಿದನು. ಕ್ಷಾರದ ಲೇಶದಿಂದ ಕೆಂಪಾಗುವ ಫೀನಾಲ್ಫ್ಥಲೀನ್ ಎಂಬ ವಸ್ತುವನ್ನು ಬೆರೆಸಿದ ಲೋಳೆಯನ್ನು ನಳಿಗೆಯಲ್ಲಿ ತುಂಬಿ, ಒಂದು ಕೊನೆಯಲ್ಲಿ ಆಮ್ಲವನ್ನಿರಿಸಿ ವಿದ್ಯುತ್ತನ್ನು ಹರಿಸಿದನು. ಜಲಜನಕದ ಅಯಾನು ಮುಂದೆ ಸಾಗಿದಂತೆಲ್ಲ ಕೆಂಪು ಅಳಿಯುತ್ತ ಬಂದಿತು. ಬಣ್ಣ ಅಳಿದ ಗೆರೆಯನ್ನು ಅಳೆದರೆ ವೇಗವು ತಾನಾಗಿಯೇ ದೊರೆಯಿತು. ಲಾಡ್ಜನು ದ್ರವದ ಕಲಕಾಟವನ್ನು ತಡೆಯಲು ಲೋಳೆಯನ್ನು ಬಳಸಿದುದು ಸಣ್ಣ ಮಾತಾಗಿ ತೋರಬಹುದು. ಆದರೆ ಎಪ್ಪತ್ತು ವರ್ಷಗಳ ಅನಂತರ ಈ ವಿದ್ಯೆಯು ಮುಂದುವರಿದುದು ಆ ಲೋಳೆಯ ದಾರಿಯಲ್ಲಿಯೇ.

೪. ಕಲಿಲಗಳೂ ಟಿಸೇಲಿಯಸನ ಯಂತ್ರವೂ

ಲವಣಗಳ ಸಣ್ಣ ಅಯಾನುಗಳನ್ನು ಗುರುತಿಸಲು ರಸಾಯನಶಾಸ್ತ್ರದಲ್ಲಿ ಬೇರೆ ಮಾರ್ಗಗಳಿದ್ದುವು. ಮಾರ್ಗವಿಲ್ಲದಿದ್ದುದು ರಕ್ತ, ಹಾಲು, ಮೊಟ್ಟೆ ಮೊದಲಾದುವುಗಳಲ್ಲಿರುವ ಪ್ರೋಟೀನುಗಳಿಗೆ. ಅವು ಕಾಸಿದರೆ ಕೆಡುತ್ತವೆ, ತೀಕ್ಷ್ಣವಾದ ಆಮ್ಲಕ್ಷಾರಗಳಿಗೂ ಕೆಡುತ್ತವೆ. ೧೮೯೨ರಲ್ಲಿ ಪಿಕ್ಟನ್, ಲಿಂಡರ್ ಎಂಬವರು ಕಲಿಲದ್ರವ್ಯಗಳು ವಿದ್ಯುತ್ತಿನ ಪ್ರೇರಣೆಯಿಂದ ಚಲಿಸುವುದನ್ನು ತೋರಿಸಿದರು. ೧೮೯೯ರಲ್ಲಿ ಕೇಂಬ್ರಿಜ್ಜಿನ ಹಾರ್ಡಿಯು, ಮೊಟ್ಟೆಯ ಬಿಳಿಯ ಪ್ರೋಟೀನು ಆಮ್ಲದಲ್ಲಿದ್ದಾಗ ಕ್ಯಾಥೋಡಿನ ಕಡೆಗೂ, ಕ್ಷಾರದಲ್ಲಿದ್ದಾಗ ಆನೋಡಿನ ಕಡೆಗೂ ಸಾಗುವುದೆಂದು ಕಂಡನು. ಎರಡರ ನಡುವೆ ಅದು ಯಾವ ಕಡೆಗೂ ಚಲಿಸದ ಒಂದು ಹದವಿರಬೇಕಷ್ಟೆ; ಸಮವಿದ್ಯುದ್ಬಿಂದುವೆಂಬ ಕಲ್ಪನೆಯು ಹೀಗೆ ಹುಟ್ಟಿತು. ಪ್ರತಿಯೊಂದು ಪ್ರೋಟೀನಿಗೂ ಈ ಹದವು ಬೇರೆಬೇರೆ. ಚಲಿಸುವ ವೇಗದಂತೆ ನಿಲ್ಲುವ ಸ್ಥಾನವೂ ಲಕ್ಷಣವಾಗಬಹುದೆಂದು ಇದರಿಂದ ಸಿದ್ಧವಾಯಿತು. ಅಂಬರನ್ನು ಹೇಳುವ ‘ಎಲೆಕ್ಟ್ರಾನ್’, ಹೊರುವುದನ್ನು ಹೇಳುವ ‘ಫೊರೆಸಿಸ್’ ಎಂಬ ಎರಡು ಗ್ರೀಕ್ ಪದಗಳು ಸೇರಿ ಈ ಕ್ರಿಯೆಗೆ ಎಲೆಕ್ಟ್ರೋಫೊರೆಸಿಸ್ ಎಂಬ ಹೆಸರು ಬಂದಿತು.

ಇಷ್ಟಾದರೂ ವಿಧಾನವು ಫಲಿಸದೆ ಇದ್ದುದಕ್ಕೆ ಮುಖ್ಯ ಕಾರಣ ತಾಪ. ಪ್ರವಾಹವು ಹರಿದಾಗ ದ್ರವವು ಬಿಸಿಯಾಗುತ್ತದೆ. ನಡುವಣ ಭಾಗವು ಅಂಚಿಗಿಂತ ಹೆಚ್ಚು ಬಿಸಿಯೇರಿ, ಹಗುರಾಗಿ, ಮೇಲೇಳುತ್ತದೆ. ಅಷ್ಟರಿಂದ ಬೇರ್ಪಟ್ಟವು ಮತ್ತೆ ಕಲಸಿಹೋಗುತ್ತವೆ. ಪ್ರೇರಣೆಯನ್ನು ತಗ್ಗಿಸಿದರೆ ಕಾಲವು ಬೆಳೆದು, ವ್ಯಾಪನದಿಂದ ಗೆರೆಗಳು ಮಸುಕಾಗುತ್ತವೆ. ಬೇರ್ಪಡಿಸುವ ಶಕ್ತಿಯೇ ಬೆರಸುವ ಶಕ್ತಿಯೂ ಆಗಿದ್ದುದು ಇಲ್ಲಿಯ ಸಂಕಟ.

ಆರ್ನೆ ಟಿಸೇಲಿಯಸನು (೧೯೦೨–೧೯೭೧) ಉಪ್ಸಾಲಾ ನಗರದಲ್ಲಿ ಸ್ವೇದ್‌ಬರ್ಗನ ಶಿಷ್ಯನಾಗಿ ೧೯೩೦ರಲ್ಲಿ ಇದೇ ವಿಷಯವನ್ನು ಕುರಿತು ಪ್ರಬಂಧವನ್ನು ಬರೆದನು. ಅದರ ಫಲಗಳಿಂದ ಅವನಿಗೇ ತೃಪ್ತಿಯಾಗಲಿಲ್ಲ. ಕೆಲವು ವರ್ಷ ಅವನು ಬೇರೆ ವಿಷಯಕ್ಕೆ ತಿರುಗಿದನು. ೧೯೩೪–೩೫ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದು ಹಿಂದಿರುಗಿದ ಮೇಲೆ ಹಳೆಯ ಸಮಸ್ಯೆಯನ್ನೇ ಮತ್ತೆ ಕೈಗೆತ್ತಿಕೊಂಡು, ೧೯೩೭ರಲ್ಲಿ ಹೊಸ ಯಂತ್ರವನ್ನು ಪ್ರಕಟಿಸಿದನು. ಅದರಲ್ಲಿ ನಳಿಗೆಯು ದುಂಡಾಗಿರದೆ ಚಪ್ಪಟೆಯಾಗಿತ್ತು. ಆದ್ದರಿಂದ ಬಿಸಿಯು ಬೇಗನೆ ಹೊರಹೋಗುತ್ತಿತ್ತು. ನೀರಿನ ಸಾಂದ್ರತೆಯು ೪ ಡಿಗ್ರಿಯ ಬಳಿ ಪರಮಾವಧಿಯನ್ನು ಮುಟ್ಟುವುದರಿಂದ ಅಲ್ಲಿ ಉಷ್ಣತೆಯು ಕೊಂಚ ಹೆಚ್ಚುಕಡಮೆಯಾದರೂ ಸಾಂದ್ರತೆಯು ಬದಲಾಗುವುದಿಲ್ಲವೆಂದು ಯೋಚಿಸಿ, ಅವನು ಯಂತ್ರವನ್ನು ಅಂಥ ತಣ್ಣೀರಿನಲ್ಲಿ ಮುಳುಗಿಸಿಟ್ಟನು. ಬಣ್ಣವಿಲ್ಲದ ದ್ರವಗಳ ಮೇರೆಯನ್ನು ಬೆಳಕಿನ ವಕ್ರೀಭವನದಿಂದ ಕಾಣುವಂತೆ ಮಾಡಿದನು. ರಕ್ತದ ತಿಳಿಯನ್ನು ಪರೀಕ್ಷಿಸಿದಾಗ ಆಲ್ಬುಮಿನ್ ಬೇರೆಯಾಗಿಯೂ, ಅದುವರೆಗೆ ಒಂದೇ ಎಂಬಂತೆ ಕರೆಯಲ್ಪಡುತ್ತಿದ್ದ ಗ್ಲೋಬುಲಿನ್ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ತಂಡಗಳಾಗಿಯೂ ಕಾಣಿಸಿಕೊಂಡುವು. ರೋಗಪ್ರತಿಬಂಧಕ ದ್ರವ್ಯಗಳು ಗಾಮಾ ತಂಡದಲ್ಲಿರುವುದನ್ನು ಅವನೂ ಕಬಾಟನೂ ಕೂಡಿ ೧೯೩೯ರಲ್ಲಿ ತೋರಿಸಿದರು. ೧೯೪೮ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಅವನಿಗೆ ಸಂದಿತು.

೫. ಉದಯಕ್ಕೂ ಅಸ್ತಕ್ಕೂ

ಈ ಯಂತ್ರದ ಅತ್ಯಂತ ಗಂಭೀರವಾದ ಫಲವು ೧೯೪೯ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊರೆಯಿತು. ಕುಡುಗೋಲುಕಣದ ರೋಗದಲ್ಲಿ ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ರೋಗಿಗೆ ತೀವ್ರವಾದ ನೋವನ್ನೂ ರಕ್ತಹೀನತೆಯನ್ನೂ ಉಂಟುಮಾಡುತ್ತವೆ. ಕಾರಣವು ಕಣದ ಪೊರೆಯಲ್ಲಿದೆಯೋ ಅದರೊಳಗಣ ಹಿಮೋಗ್ಲೋಬಿನ್ನಿನಲ್ಲಿದೆಯೋ ಎಂಬುದು ಸಂದಿಗ್ಧವಾಗಿತ್ತು. ಪೌಲಿಂಗ್, ಇಟಾನೊ, ಸಿಂಗರ್, ವೆಲ್ಸ್ ಎಂಬ ನಾಲ್ವರು ಆರೋಗ್ಯವಂತರ ಹಿಮೋಗ್ಲೋಬಿನ್ನನ್ನೂ ರೋಗಿಗಳದನ್ನೂ ಟಿಸೇಲಿಯಸನ ಮಾದರಿಯ ಯಂತ್ರದಲ್ಲಿ ಚಲಿಸುವಂತೆ ಮಾಡಿದರು. ಎರಡರ ಸಮವಿದ್ಯುದ್ಬಿಂದುಗಳೂ ಬೇರೆಯಾಗಿದ್ದುವು. ಅವೆರಡರ ನಡುವಣ ಹದದಲ್ಲಿ ಇಟ್ಟಾಗ ಒಂದು ಆನೋಡಿನ ಕಡೆಗೂ ಮತ್ತೊಂದು ಕ್ಯಾಥೋಡಿನ ಕಡೆಗೂ ಸಾಗಿದುವು. ಅಂದರೆ ಒಂದೇ ಹೆಸರಿನ ದ್ರವ್ಯವು ಆರೋಗ್ಯದಲ್ಲಿ ಉದಯಪಥವನ್ನೂ ರೋಗದಲ್ಲಿ ಅಸ್ತಪಥವನ್ನೂ ಹಿಡಿಯಿತು. ರೋಗಲಕ್ಷಣವು ಪ್ರಬಲವಾಗಿ ಕಾಣದ, ಆದರೆ ದೋಷವನ್ನು ಒಬ್ಬರಿಂದ ಮಾತ್ರ ಪಡೆದ ಜನರಲ್ಲಿ ಎರಡು ಬಗೆಯೂ ಜೊತೆಯಾಗಿದ್ದುವು. ಒಂದು ಅಣುವಿಗೆ ಎರಡರಿಂದ ನಾಲ್ಕು ವಿದ್ಯುದಂಶಗಳಷ್ಟು ಮಾತ್ರ ವ್ಯತ್ಯಾಸವೆಂದು ಅವರು ಗಣಿಸಿದರು.

ಆ ಅಲ್ಪಭೇದದ ಸ್ಥಾನವನ್ನು ಕೇಂಬ್ರಿಜ್ಜಿನ ಇಂಗ್ರಾಮನು ೧೯೫೬–೫೭ರಲ್ಲಿ ನಿರ್ಣಯಿಸಿದನು. ಹಿಮೋಗ್ಲೋಬಿನ್ನನ್ನು ತುಂಡುಮಾಡಿ, ಕಾಗದದ ಮೇಲೆ ಒಂದು ದಿಕ್ಕಿಗೆ ವಿದ್ಯುತ್ತಿನಿಂದಲೂ ಅಡ್ಡದಿಕ್ಕಿಗೆ ದ್ರವದ ಹರಿವಿನಿಂದಲೂ ಹರಡಿದಾಗ ಒಂದು ತುಂಡು ಮಾತ್ರ ಸ್ಥಾನ ತಪ್ಪಿತ್ತು. ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವ್ಯಾಲೀನ್ ಇದ್ದುದೇ ದೋಷ. ೧೪೬ ಅಮೈನೋ ಆಮ್ಲಗಳ ಸರದಲ್ಲಿ ಒಂದು ಮಣಿಯು ಬದಲಾಗಿತ್ತು.

ಇದು ನಮಗೆ ದೂರದ ಮಾತಲ್ಲ. ೧೯೫೨ರಲ್ಲಿ ಲೇಮನ್, ಕಟ್‌ಬುಷ್ ಎಂಬವರು ಕರ್ನಾಟಕದ ಗಡಿಗೆ ತಾಗಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಲಕ್ಷಣವನ್ನು ಕಂಡು ವರದಿಮಾಡಿದರು. ಭಾರತಸರ್ಕಾರವು ಈ ರೋಗದ ನಿರ್ಮೂಲನೆಗಾಗಿ ೨೦೨೩ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯದಲ್ಲಿ ಕರ್ನಾಟಕವೂ ಸೇರಿದೆ. ಸಂದೇಹಿತ ರಕ್ತವನ್ನು ನಿಶ್ಚಯಿಸುವ ಪರೀಕ್ಷೆಗಳಲ್ಲಿ ಎಲೆಕ್ಟ್ರೋಫೊರೆಸಿಸ್ ಒಂದು. ಮದುವೆಗೆ ಮುಂಚೆ, ಮಗು ಹುಟ್ಟುವುದಕ್ಕೆ ಮುಂಚೆ, ಒಂದು ಕುಟುಂಬವು ತಿಳಿಯಬೇಕಾದ ಸಂಗತಿಯನ್ನು ಅದು ತಿಳಿಸುತ್ತದೆ.

೬. ಲಕ್ಷಣದೋಷವೂ ಅದರ ಪರಿಹಾರವೂ

ಗತಿಯು ದ್ರವ್ಯದ ಲಕ್ಷಣವೆಂದರೆ ಅತಿವ್ಯಾಪ್ತಿಯು ಒದಗುತ್ತದೆಂದು ತಾರ್ಕಿಕರು ಆಕ್ಷೇಪಿಸಬಹುದು. ಬೇರೆಬೇರೆಯಾದ ಎರಡು ದ್ರವ್ಯಗಳ ವೇಗವು ಒಂದೇ ಆಗಿರಲೂಬಹುದಲ್ಲವೆ? ಆಕ್ಷೇಪವು ಯುಕ್ತವೇ. ಜೀವಕೋಶಗಳಲ್ಲಿರುವ ಡಿ.ಎನ್.ಎ. ಇದಕ್ಕೆ ಸ್ಪಷ್ಟವಾದ ಉದಾಹರಣೆ. ಅದರ ಎಳೆಯು ಉದ್ದವಾದಷ್ಟೂ ವಿದ್ಯುದಂಶವೂ ಹೆಚ್ಚುತ್ತದೆ, ದ್ರವದ ತಡೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ; ಹೀಗಾಗಿ ಬರಿಯ ದ್ರಾವಣದಲ್ಲಿ ಉದ್ದದ ಎಳೆಯೂ ಗಿಡ್ಡ ಎಳೆಯೂ ಬಹುಮಟ್ಟಿಗೆ ಒಂದೇ ವೇಗದಿಂದ ಸಾಗುತ್ತವೆ. ಟಿಸೇಲಿಯಸನ ಯಂತ್ರದಲ್ಲಿ ಇನ್ನೊಂದು ಕೊರತೆಯೂ ಇತ್ತು: ಮುಂಚೂಣಿಯ ದ್ರವ್ಯವನ್ನೂ ಹಿಂದುಳಿದುದನ್ನೂ ಮಾತ್ರ ಶುದ್ಧವಾಗಿ ತೆಗೆಯಬಹುದಾಗಿತ್ತು, ನಡುವಣವು ಒಂದರ ಮೇಲೊಂದು ಬಿದ್ದಿರುತ್ತಿದ್ದುವು.

ಈ ಎರಡು ದೋಷಗಳಿಗೂ ಪರಿಹಾರವು ಆಧಾರದ್ರವ್ಯದಿಂದ ಬಂದಿತು. ೧೯೫೦ರ ಸುಮಾರಿಗೆ ಹಲವರು ಒದ್ದೆಕಾಗದದ ಪಟ್ಟಿಯ ಮೇಲೆ ಒಂದು ತೊಟ್ಟು ದ್ರವವನ್ನಿಟ್ಟು ಬೇರ್ಪಡಿಸತೊಡಗಿದರು; ಒಂದೊಂದು ದ್ರವ್ಯವೂ ಒಂದೊಂದು ಪಟ್ಟೆಯಾಗಿ ನಿಂತಿತು. ೧೯೫೫ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿದ್ದ ಆಲಿವರ್ ಸ್ಮಿದೀಸನು ಕಾಗದದ ಬದಲಿಗೆ ಗಂಜಿಯನ್ನು ಬಳಸಿದನು. ಬಾಲ್ಯದಲ್ಲಿ ತಾಯಿಯು ತಂದೆಯ ಅಂಗಿಗಳಿಗೆ ಗಂಜಿ ಹಾಕುತ್ತಿದ್ದಾಗ ಉಳಿದ ಗಂಜಿಯು ಆರಿ ಹೆಪ್ಪುಗಟ್ಟುತ್ತಿದ್ದುದು ಅವನ ನೆನಪಿಗೆ ಬಂದಿತಂತೆ. ಹೆಪ್ಪುಗಟ್ಟಿದ ಗಂಜಿಯು ದ್ರವವನ್ನು ಕಲಕದಂತೆ ಹಿಡಿಯುವುದಲ್ಲದೆ ಜರಡಿಯಾಗಿಯೂ ವರ್ತಿಸಿತು; ಸಮವೇಗದ ಕಣಗಳಲ್ಲಿ ದೊಡ್ಡದು ಹಿಂದುಳಿದು ಸಣ್ಣದು ಮುಂದಾಯಿತು. ಕಾಗದದ ಮೇಲೆ ಐದಾರು ಪಟ್ಟೆಗಳಾಗಿ ಕಾಣುತ್ತಿದ್ದ ರಕ್ತದ ತಿಳಿಯು ಇಲ್ಲಿ ಅದಕ್ಕಿಂತ ಬಹಳ ಹೆಚ್ಚಿನ ಪಟ್ಟೆಗಳಾಗಿ ಒಡೆಯಿತು. ಲಾಡ್ಜನ ಲೋಳೆಯು ಹೀಗೆ ಹೊಸ ಪ್ರಯೋಜನದೊಡನೆ ಮರಳಿತು.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಗಂಜಿಯ ಸ್ಥಾನಕ್ಕೆ ಪಾಲಿಅಕ್ರಿಲಮೈಡ್ ಎಂಬ ಕೃತಕ ಲೋಳೆಯು ಬಂದಿತು. ಲೆಮ್ಲಿಯು ೧೯೭೦ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಪ್ರೋಟೀನುಗಳ ಸ್ವಂತ ವಿದ್ಯುದ್ಭೇದವನ್ನು ಮಾರ್ಜಕದಿಂದ ಮರೆಸಿ ಗಾತ್ರವೊಂದರಿಂದಲೇ ಬೇರ್ಪಡಿಸಿದುದಾಯಿತು. ೧೯೭೫ರಲ್ಲಿ ಓ’ಫ್ಯಾರೆಲನು ಸಮವಿದ್ಯುದ್ಬಿಂದುವನ್ನು ಒಂದು ದಿಕ್ಕಿನಲ್ಲಿಯೂ ಗಾತ್ರವನ್ನು ಮತ್ತೊಂದು ದಿಕ್ಕಿನಲ್ಲಿಯೂ ಇರಿಸಿ ಎರಡು ಲಕ್ಷಣಗಳನ್ನು ಕೂಡಿಸಿದನು. ೧೯೭೭ರಲ್ಲಿ ಸ್ಯಾಂಗರನು ಒಂದೇ ಒಂದು ಘಟಕದಷ್ಟು ಉದ್ದದ ಭೇದವಿರುವ ಡಿ.ಎನ್.ಎ. ಎಳೆಗಳನ್ನು ಲೋಳೆಯಲ್ಲಿ ಬೇರ್ಪಡಿಸಿ ಅದರ ಅಕ್ಷರಕ್ರಮವನ್ನು ಓದಿದನು. ೧೯೮೧ರಲ್ಲಿ ಜಾರ್ಗನ್ಸನ್, ಲ್ಯೂಕಾಕ್ಸ್ ಎಂಬವರು ೭೫ ಮೈಕ್ರೋಮೀಟರು ಒಳವ್ಯಾಸದ ಕೂದಲುನಳಿಗೆಯನ್ನು ಬಳಸಿದರು. ಒಡಲು ಕಿರಿದಾದಷ್ಟೂ ಬಿಸಿಯು ಬೇಗ ಹೊರಟುಹೋಗುವುದರಿಂದ ಸಾವಿರಾರು ವೋಲ್ಟುಗಳನ್ನು ಹಾಕಿದರೂ ದ್ರವವು ಕಲಕಲಿಲ್ಲ. ದಿನಗಟ್ಟಳೆಯ ಕೆಲಸವು ನಿಮಿಷಗಳಿಗೆ ಇಳಿಯಿತು. ೨೦೦೩ರಲ್ಲಿ ಮುಗಿದ ಮಾನವಜೀನೋಮಿನ ವಾಚನಕ್ಕೆ ಇಂಥ ನಳಿಗೆಗಳೇ ನೆರವಾದುವು.

ದ್ರವದಲ್ಲಿ ನಡೆದುದು ವಾಯುವಿನಲ್ಲಿಯೂ ನಡೆಯಿತು. ೧೮೯೬ರಲ್ಲಿ ಥಾಮ್ಸನ್, ರುದರ್‌ಫೋರ್ಡ್ ಎಂಬವರು ಎಕ್ಸ್ ಕಿರಣಗಳು ಹಾಯ್ದ ಗಾಳಿಯು ವಿದ್ಯುದ್ವಾಹಕವಾಗುವ ಬಗೆಯನ್ನು ಪರಿಶೀಲಿಸಿ, ಫ್ಯಾರಡೆಯ ಪದವನ್ನು ವಾಯುಗಳಿಗೂ ವಿಸ್ತರಿಸಿದರು. ೧೮೯೮ರಲ್ಲಿ ಝೆಲೆನಿಯು ಗಾಳಿಯಲ್ಲಿ ಋಣ ಅಯಾನುಗಳು ಧನ ಅಯಾನುಗಳಿಗಿಂತ ಬೇಗ ಸಾಗುವುದನ್ನು ಕಂಡನು. ೧೯೭೦ರಲ್ಲಿ ಕೊಹೆನ್, ಕಾರಾಸೆಕ್ ಎಂಬವರು ಇದನ್ನು ದ್ರವ್ಯಪರೀಕ್ಷೆಯ ಸಾಧನವನ್ನಾಗಿ ರೂಪಿಸಿದರು. ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರ ಗಂಟುಗಳನ್ನು ಒರಸಿದ ಬಟ್ಟೆಯ ಚೂರಿನಿಂದ ಸ್ಫೋಟಕದ ಲೇಶವನ್ನು ಕೆಲವೇ ಕ್ಷಣಗಳಲ್ಲಿ ಪತ್ತೆಹಚ್ಚುವ ಯಂತ್ರವು ಈ ತತ್ತ್ವದ ಮೇಲೆಯೇ ನಿಂತಿದೆ.

೭. ಪರಿಭಾಷೆಯ ವಿಚಾರ

ಕಡೆಯದಾಗಿ ಕನ್ನಡದ ಪಾರಿಭಾಷಿಕ ಪದಗಳ ವಿಷಯ. ಆನೋಡನ್ನು ‘ಧನಾಗ್ರ’ವೆಂದೂ ಕ್ಯಾಥೋಡನ್ನು ‘ಋಣಾಗ್ರ’ವೆಂದೂ ಅನುವಾದಿಸುವ ವಾಡಿಕೆಯುಂಟು. ಹೊರಗಿನ ವಿದ್ಯುತ್ತಿನಿಂದ ವಿಘಟನೆಯಾಗುವ ಪಾತ್ರೆಯಲ್ಲಿ ಇದು ಸರಿಹೋಗುತ್ತದೆ. ಪ್ರಕೃತ ವಿಷಯವಾದ ಎಲೆಕ್ಟ್ರೋಫೊರೆಸಿಸ್ಸಿನಲ್ಲಿಯೂ ಸರಿಹೋಗುತ್ತದೆ. ಆದರೆ ವೋಲ್ಟನ ಸ್ತಂಭದಂತೆ ತಾನೇ ವಿದ್ಯುತ್ತನ್ನು ಹೊರಡಿಸುವ ಕೋಶದಲ್ಲಿ ಪ್ರವಾಹವು ದ್ರವವನ್ನು ಹೊಗುವುದು ಸತುವಿನ ಕಡೆಯಿಂದ. ಆದ್ದರಿಂದ ಆನೋಡ್ ಅದೇ, ಆದರೆ ಹೊರಗಣ ತಂತಿಯ ದೃಷ್ಟಿಯಲ್ಲಿ ಅದು ಋಣಧ್ರುವ! ಅಲ್ಲಿ ಆನೋಡನ್ನು ಧನಾಗ್ರವೆಂದರೆ ವಿದ್ಯಾರ್ಥಿಯು ದಾರಿ ತಪ್ಪುವುದು ಖಂಡಿತ. ಹ್ಯೂಯೆಲನ ಪದವು ವಿದ್ಯುತ್ತಿನ ಚಿಹ್ನೆಯನ್ನು ಹೇಳದೆ ದಾರಿಯನ್ನು ಮಾತ್ರ ಹೇಳುವುದರಿಂದ ಎರಡು ಕಡೆಯೂ ಅನ್ವಯಿಸುತ್ತದೆ. ‘ಧನಾಗ್ರ’ವು ಹಾಗೆ ಅನ್ವಯಿಸುವುದಿಲ್ಲ. ‘ಧನ ಅಯಾನು’, ‘ಋಣ ಅಯಾನು’ ಎಂಬ ಪದಗಳಿಗೆ ಈ ದೋಷವಿಲ್ಲ. ಅಲ್ಲಿ ಧನಋಣಗಳು ಅಯಾನಿನಲ್ಲಿಯೇ ಇರುವ ಧರ್ಮಗಳು. ಆದ್ದರಿಂದ ಪಠ್ಯಪುಸ್ತಕಗಳಲ್ಲಿ ಆನೋಡ್, ಕ್ಯಾಥೋಡ್ ಎಂಬ ರೂಪಗಳನ್ನೇ ಉಳಿಸಿಕೊಳ್ಳುವುದಾಗಲಿ, ಅಥವಾ ಮೂಲದ ಅರ್ಥವನ್ನನುಸರಿಸಿ ಉದಯಾಗ್ರ, ಅಸ್ತಾಗ್ರ ಎಂದು ಕರೆಯುವುದಾಗಲಿ ಯುಕ್ತ. ಧನಾಗ್ರ, ಋಣಾಗ್ರ ಎಂಬುವನ್ನು ಬ್ಯಾಟರಿಯ ತುದಿಗಳಿಗೆ ಮೀಸಲಿಡಬಹುದು. ಅಧ್ಯಾಪಕರೂ ಕೋಶಕಾರರೂ ಈ ವಿಚಾರವನ್ನು ವಿಮರ್ಶಿಸಿ ನಿರ್ಣಯಿಸಬೇಕಾಗಿದೆ.